ದೋಣಿಮನೆ ಕೊಳ್ಳುವ ಮುಂಚೆ: ಯಾವ ದೋಣಿ ಅನ್ನುವುದು ಆಮೇಲೆ, ಎಲ್ಲಿ ಕಟ್ಟುತ್ತೀರಿ ಅನ್ನುವುದು ಮೊದಲು

ಇಂಗ್ಲೆಂಡಿಗೆ ಕೆಲಸಕ್ಕೆ ಬಂದ ನಮ್ಮ ಕಡೆಯವರು ಒಂದೆರಡು ವರ್ಷ ಬಾಡಿಗೆ ಕಟ್ಟಿ ಸುಸ್ತಾದ ಮೇಲೆ ನನಗೆ ಫೋನ್ ಮಾಡುತ್ತಾರೆ. "ಒಂದು ದೋಣಿ ತಗೊಂಡುಬಿಡೋಣ ಅಂತಿದ್ದೀವಿ. ನ್ಯಾರೋಬೋಟ್ ಒಳ್ಳೇದಾ, ವೈಡ್‌ಬೀಮ್ ಒಳ್ಳೇದಾ?" ನ್ಯಾರೋಬೋಟ್ ಅಂದರೆ ಏಳಡಿಗೂ ಕಿರಿದಾದ ಉದ್ದನೆಯ ಕಾಲುವೆ ದೋಣಿ, ವೈಡ್‌ಬೀಮ್ ಅಂದರೆ ಅದಕ್ಕಿಂತ ಅಗಲದ್ದು. ನಾನು ತಿರುಗಿ ಕೇಳುವುದು ಒಂದೇ ಮಾತು. "ಎಲ್ಲಿ ಕಟ್ಟುತ್ತೀರಿ?" ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ.

ದೋಣಿಮನೆ ಅಂದರೆ ನಮ್ಮ ಕಣ್ಣಿಗೆ ಬರುವುದು ಅಲೆಪ್ಪಿಯ ಕೆಟ್ಟುವಳ್ಳ ಅಥವಾ ಶ್ರೀನಗರದ ದಾಲ್ ಸರೋವರ. ಎರಡು ದಿನ ಇದ್ದು, ಮೀನೂಟ ಮಾಡಿ, ಫೋಟೋ ತೆಗೆದು ಬರುವ ಜಾಗ. ನಾನಿಲ್ಲಿ ಹೇಳುತ್ತಿರುವುದು ವರ್ಷದ 365 ದಿನವೂ ಇರುವ ಮನೆಯ ವಿಷಯ. ಇಂಗ್ಲೆಂಡಿನ ಕಾಲುವೆಗಳ ಮೇಲೆ ಇದು ಸಾಮಾನ್ಯ ಬದುಕು. ನಾವು ಆರು ವರ್ಷ 57 ಅಡಿಯ ಒಂದು ನ್ಯಾರೋಬೋಟಿನಲ್ಲಿ ಅಲೆದಾಡಿದೆವು. ಮಗಳು ಹುಟ್ಟುವ ಮುಂಚೆ ಒಂದು ಕಡೆ ಜಾಗ ಹಿಡಿದು ನಿಂತೆವು. ಎರಡೂ ಬದುಕು ನೋಡಿರುವುದರಿಂದ ಇಷ್ಟು ಬರೆಯುವ ಧೈರ್ಯ.

ಜಾಗದ ಲೆಕ್ಕ

ನೆಲದ ಮೇಲೆ ಮನೆ ಕೊಂಡರೆ ಅದು ನಿಂತ ಸೈಟೂ ಜೊತೆಗೇ ಬರುತ್ತದೆ. ನೀರಿನ ಮೇಲೆ ಹಾಗಿಲ್ಲ. ದೋಣಿ ನಿಮ್ಮದು, ಅದರ ಕೆಳಗಿನ ನೀರು ಬೇರೆಯವರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,000 ಮೈಲಿ ಕಾಲುವೆ, ನದಿಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತದೆ. 2012ರ ತನಕ ಇದು ಸರ್ಕಾರದ ಬ್ರಿಟಿಷ್ ವಾಟರ್‌ವೇಸ್ ಕೈಯಲ್ಲಿತ್ತು. ಇಲ್ಲಿ ದೋಣಿ ಇಡಲು ಲೈಸೆನ್ಸ್ ಬೇಕು, ವಿಮೆ ಬೇಕು, ಬೋಟ್ ಸೇಫ್ಟಿ ಸರ್ಟಿಫಿಕೇಟ್ ಬೇಕು. ಇಷ್ಟು ಕೈಗೆ ಬಂದ ಮೇಲೆ ನಿಮ್ಮ ಮುಂದೆ ಎರಡೇ ದಾರಿ. ಒಂದು, ಕಾಯಂ ಆಗಿ ಕಟ್ಟುವ ಜಾಗ, ಇಲ್ಲಿಯವರು ಮೂರಿಂಗ್ ಅನ್ನುತ್ತಾರೆ. ಇನ್ನೊಂದು, ಎಲ್ಲೂ ನೆಲೆ ನಿಲ್ಲದೆ ಸಾಗುತ್ತಲೇ ಇರುವುದು.

ಅಲೆಮಾರಿ ದಾರಿಯ ನಿಯಮ 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯಲ್ಲಿದೆ. ಒಂದೇ ಜಾಗದಲ್ಲಿ ಎಡೆಬಿಡದೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಕೆಲವು ಕಡೆ ಬೋರ್ಡ್ ಹಾಕಿ ಇನ್ನೂ ಕಡಿಮೆ ದಿನ ಬರೆದಿರುತ್ತಾರೆ. ಇದನ್ನು ಓದಿ ತುಂಬ ಜನ "ಎರಡು ಸೇತುವೆ ನಡುವೆ ಆಚೆ ಈಚೆ ಮಾಡ್ತಾ ಇದ್ರೆ ಆಯ್ತಲ್ವಾ" ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ನಿಜವಾಗಿ ಪ್ರಯಾಣ ಮಾಡುತ್ತಿರಬೇಕು ಅನ್ನುವುದು ಕಾಯ್ದೆಯ ಮಾತು. ಲೈಸೆನ್ಸಿನ ಅವಧಿಯಲ್ಲಿ 15-20 ಮೈಲಿಯ ಹರವೂ ಇಲ್ಲದೆ ಓಡಾಡಿದರೆ ಸಾಲದು ಅಂತ ಟ್ರಸ್ಟ್ ಹೇಳಿಕೊಂಡು ಬಂದಿದೆ. ಲೈಸೆನ್ಸ್ ನವೀಕರಿಸುವಾಗ ಈ ಓಡಾಟ ಲೆಕ್ಕಕ್ಕೆ ಬರುತ್ತದೆ.

ಈ ದಾರಿಯಲ್ಲಿ ಹಣ ಉಳಿಯುವುದು ನಿಜ. ಮೂರಿಂಗ್ ಬಾಡಿಗೆ ಇಲ್ಲ, ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ) ಇಲ್ಲ. ಆದರೆ 2024ರ ಏಪ್ರಿಲ್‌ನಿಂದ ಅಲೆಮಾರಿ ದೋಣಿಗಳಿಗೆ ಲೈಸೆನ್ಸ್ ಮೇಲೆ ಹೆಚ್ಚುವರಿ ಶುಲ್ಕ ಬಂದಿದೆ, ವರ್ಷ ವರ್ಷ ಏರುವ ಹಾಗೆ. ಅಗಲದ ದೋಣಿಗಳಿಗೂ ಪ್ರತ್ಯೇಕವಾಗಿ ಹೆಚ್ಚಿದೆ. ಐದು ವರ್ಷದ ಹಿಂದೆ ಯಾರೋ ಮಾಡಿದ ಲೆಕ್ಕ ನೋಡಿ ಇವತ್ತು ತೀರ್ಮಾನ ಮಾಡಬೇಡಿ.

ಹಣಕ್ಕಿಂತ ದೊಡ್ಡ ಬೆಲೆ ಸಮಯದ್ದು. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿರುವ ದೋಣಿಗಳ ಪಕ್ಕ ಹೋಗುವಾಗ ಅದಕ್ಕೂ ನಿಧಾನ. ನಡುವೆ ಲಾಕ್‌ಗಳು ಬರುತ್ತವೆ. ಲಾಕ್ ಅಂದರೆ ನೀರಿನ ಮೆಟ್ಟಿಲು. ಕೆಳಗಿನ ಗೇಟು ಮುಚ್ಚಿ, ನೀರು ತುಂಬಿಸಿ, ದೋಣಿ ಮೇಲೆದ್ದ ಮೇಲೆ ಮುಂದಿನ ಗೇಟು ತೆರೆದು ಹೊರಗೆ ಬರಬೇಕು. ಎಲ್ಲ ಕೈಕೆಲಸ. ಇಲ್ಲಿ ಹಳಬರು ಒಂದು ಲೆಕ್ಕ ಹೇಳಿಕೊಡುತ್ತಾರೆ: ಎಷ್ಟು ಮೈಲಿ, ಎಷ್ಟು ಲಾಕ್ ಎರಡನ್ನೂ ಕೂಡಿಸಿ ಮೂರರಿಂದ ಭಾಗಿಸಿ, ಅಷ್ಟು ಗಂಟೆ. ಹತ್ತು ಮೈಲಿ, ಹತ್ತು ಲಾಕ್ ಅಂದರೆ ಹತ್ತಿರ ಹತ್ತಿರ ಏಳು ಗಂಟೆ. ಒಂದು ಭಾನುವಾರ ಪೂರ್ತಿ ಹೋಯಿತು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುವ ರೈಲು ನಿಲ್ದಾಣವೇ ಬೇರೆ. ಕಾರು ಹಳೇ ಜಾಗದಲ್ಲೇ ಉಳಿದಿರುತ್ತದೆ, ಅದನ್ನು ತರಲು ಸೈಕಲ್ ಹೊಡೆಯಬೇಕು.

ನನಗೆ ಆ ಭಾನುವಾರಗಳು ಬಹಳ ಇಷ್ಟವಾಗಿದ್ದವು. ಮಳೆಯಲ್ಲಿ ಛತ್ರಿ ಹಿಡಿದು ಚುಕ್ಕಾಣಿ ಹಿಡಿದಾಗಲೂ ಇಷ್ಟವೇ. ಆದರೆ ಬಾಡಿಗೆ ಉಳಿಸಲಿಕ್ಕಷ್ಟೇ ಅಲೆಮಾರಿ ಆಗುತ್ತೇನೆ ಅನ್ನುವವರು ಎರಡನೇ ಚಳಿಗಾಲ ದಾಟಿದ್ದನ್ನು ನಾನು ನೋಡಿದ್ದು ತೀರ ಕಡಿಮೆ. ಸಾಗುವುದೇ ಖುಷಿ ಅನ್ನುವವರಿಗೆ ಈ ದಾರಿ.

ಇನ್ನೊಂದು ತೊಡಕು ವಿಳಾಸದ್ದು. ಅಲೆಮಾರಿ ದೋಣಿಗೆ ವಿಳಾಸ ಇಲ್ಲ. ಡಾಕ್ಟರ ಹತ್ತಿರ ಹೆಸರು ಬರೆಸಲು ವಿಳಾಸ ಕಡ್ಡಾಯ ಅಲ್ಲ, ಅದೊಂದು ಸಮಾಧಾನ. ಬ್ಯಾಂಕು, ವಿಮೆ, ಮಗುವಿನ ಶಾಲೆ ಎಲ್ಲರೂ ಕೇಳುತ್ತಾರೆ. ವೀಸಾದ ಮೇಲೆ ಇರುವವರಂತೂ ವಿಳಾಸದ ವಿಷಯ ಇತ್ಯರ್ಥ ಮಾಡಿಕೊಳ್ಳದೆ ದೋಣಿಗೆ ಮುಂಗಡ ಕೊಡಬೇಡಿ.

ಕಾಯಂ ಜಾಗದಲ್ಲೂ ಎರಡು ಬಗೆ. ವಾಸದ ಮೂರಿಂಗ್, ವಿರಾಮದ ಮೂರಿಂಗ್. ವಾಸದ್ದಕ್ಕೆ ಸ್ಥಳೀಯ ಕೌನ್ಸಿಲಿನ ಪ್ಲಾನಿಂಗ್ ಒಪ್ಪಿಗೆ ಇರುತ್ತದೆ. ಅಂಚೆ ಬರುತ್ತದೆ. ಕೌನ್ಸಿಲ್ ಟ್ಯಾಕ್ಸ್ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗಿನ 'ಎ' ದರ್ಜೆಯದು. ಬೇಡಿಕೆ ಜಾಸ್ತಿ, ಜಾಗ ಕಡಿಮೆ. ಲಂಡನ್ನಿನ ನಡುವೆ ಬಾಡಿಗೆ ವರ್ಷಕ್ಕೆ 10,000 ಪೌಂಡ್ ದಾಟುವುದೂ ಉಂಟು. ವಿರಾಮದ್ದು ಅಗ್ಗ, ಆದರೆ ಅದು ದೋಣಿ ನಿಲ್ಲಿಸುವುದಕ್ಕೆ, ಸಂಸಾರ ಹೂಡುವುದಕ್ಕಲ್ಲ.

"ಎಲ್ಲರೂ ಇರ್ತಾರೆ, ಯಾರೂ ಏನೂ ಅನ್ನಲ್ಲ" ಅಂತ ನಿಮಗೆ ಖಂಡಿತ ಯಾರಾದರೂ ಹೇಳುತ್ತಾರೆ. ನಮಗೂ ಹೇಳಿದ್ದರು. ನಾವು ಮೊದಲು ಹಿಡಿದದ್ದು ಅಂಥ ಜಾಗವನ್ನೇ. ಹನ್ನೊಂದು ತಿಂಗಳು ಎಲ್ಲ ಚೆನ್ನಾಗಿತ್ತು. ಜಾಗದ ಮಾಲೀಕರು ಬದಲಾದರು, ಒಂದು ತಿಂಗಳಲ್ಲಿ ಬಿಡಿ ಅಂತ ಕಾಗದ ಬಂತು. ಮಗಳಿಗೆ ಆಗ ಐದು ತಿಂಗಳು. ನೆಲದ ಮೇಲಿನ ಬಾಡಿಗೆದಾರರಿಗೆ ಇರುವ ಕಾನೂನಿನ ಆಸರೆ ಮೂರಿಂಗ್‌ನಲ್ಲಿರುವ ದೋಣಿಯವರಿಗೆ ಇಲ್ಲ ಅನ್ನುವುದು ನನಗೆ ಅವತ್ತು ಅರ್ಥವಾಯಿತು. ನಿಮ್ಮ ರಕ್ಷಣೆ ಅಂದರೆ ಒಪ್ಪಂದದ ಕಾಗದದಲ್ಲಿ ಬರೆದಿರುವಷ್ಟೇ. ಹಾಗಾಗಿ ಆ ಕಾಗದದಲ್ಲಿ 'ವಾಸ' ಅನ್ನುವ ಪದ ಇದೆಯೇ, ಬಿಡಿಸಲು ಎಷ್ಟು ತಿಂಗಳ ನೋಟಿಸು, ದೋಣಿ ಮಾರಿದರೆ ಜಾಗ ಹೊಸಬರಿಗೆ ಹೋಗುತ್ತದೆಯೇ ಅನ್ನುವುದನ್ನು ಬೆರಳಿಟ್ಟು ಓದಿ.

ಆಮ್‌ಸ್ಟರ್‌ಡ್ಯಾಮ್ ಬೇರೆ ಲೋಕ

ಆಮ್‌ಸ್ಟರ್‌ಡ್ಯಾಮ್, ಆಮ್‌ಸ್ಟೆಲ್‌ವೀನ್ ಕಡೆ ಇರುವ ಕನ್ನಡಿಗರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿಯ ಉತ್ತರ ಪೂರ್ತಿ ಬೇರೆ. ಎರಡನೇ ಮಹಾಯುದ್ಧದ ನಂತರ ಮನೆಗಳ ಅಭಾವ ಆದಾಗ ಜನ ಕೆಲಸ ಕಳೆದುಕೊಂಡ ಸರಕು ಹಡಗುಗಳಲ್ಲಿ ಸಂಸಾರ ಹೂಡಿದರು. ಈಗ ಅದು ಊರಿನ ಒಂದು ಭಾಗವೇ ಆಗಿದೆ. ಅಲ್ಲಿ ದೋಣಿ ಕಟ್ಟುವ ಹಕ್ಕಿಗೆ ಲಿಗ್‌ಪ್ಲಾಟ್ಸ್ ಅನ್ನುತ್ತಾರೆ. ಮನೆ ಮಾರುವಾಗ ಆ ಹಕ್ಕೂ ಕೊಂಡವರ ಹೆಸರಿಗೆ ಹೋಗುತ್ತದೆ. ಹಾಗಾಗಿ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಜಾಗಕ್ಕೆ. ಬೆಲೆ ಅಪಾರ್ಟ್‌ಮೆಂಟಿನ ಹತ್ತಿರಕ್ಕೇ ಬರುತ್ತದೆ, ಅಗ್ಗದ ಆಸೆ ಇಟ್ಟುಕೊಳ್ಳಬೇಡಿ.

ಅಲ್ಲಿ ಆರಿಸಬೇಕಾದದ್ದು ಹಳೇ ಹಡಗೋ, ಆರ್ಕೋ ಅಂತ. ಹಳೇ ಹಡಗು ಚಂದ, ಒಳಗೆ ಕಾಲಿಟ್ಟರೆ ಮನಸ್ಸು ಸೋಲುತ್ತದೆ. ಆದರೆ ಅದು ಉಕ್ಕು. ಕೆಲವು ವರ್ಷಕ್ಕೊಮ್ಮೆ ಎಳೆದುಕೊಂಡು ಹೋಗಿ ನೀರಿನಿಂದ ಮೇಲೆತ್ತಿ ತಳ ನೋಡಿಸಬೇಕು. ಆರ್ಕ್ ಅಂದರೆ ತೇಲುವ ಕಾಂಕ್ರೀಟ್ ತೊಟ್ಟಿಯ ಮೇಲೆ ಕಟ್ಟಿದ ಮನೆ. ಎಂಜಿನ್ ಇಲ್ಲ, ತುಕ್ಕಿನ ಭಯ ಇಲ್ಲ. ಮಲಗುವ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕಿಟಕಿಯ ಎದುರಿಗೇ ಬಾತುಕೋಳಿ ಈಜುತ್ತದೆ. ನಲ್ಲಿ ನೀರು, ಕರೆಂಟು, ಒಳಚರಂಡಿ ಎಲ್ಲ ಇದೆ. ಸಂಸಾರಸ್ಥರಿಗೆ ನನ್ನ ಓಟು ಕಾಂಕ್ರೀಟಿಗೆ. ಹಡಗಿನ ಹುಚ್ಚು ಮೊದಲಿಂದಲೂ ಇರುವವರು ಹಡಗನ್ನೇ ಕೊಳ್ಳಲಿ, ಅವರು ಅದನ್ನು ನೋಡಿಕೊಳ್ಳುತ್ತಾರೆ.

ಈಗ ದೋಣಿಗೆ ಬರೋಣ

ಇಂಗ್ಲೆಂಡಿನ ನ್ಯಾರೋಬೋಟಿನ ಅಗಲ 6 ಅಡಿ 10 ಇಂಚು. ಈ ಅಳತೆ ಯಾರದೋ ಇಷ್ಟದಿಂದ ಬಂದದ್ದಲ್ಲ. 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮಧ್ಯ ಇಂಗ್ಲೆಂಡಿನ ಕಾಲುವೆಗಳನ್ನು ತೋಡಿಸುವಾಗ ನೀರು, ಖರ್ಚು ಎರಡನ್ನೂ ಉಳಿಸಲು ಲಾಕ್‌ಗಳನ್ನು ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸಿದ. ಕಲ್ಲಿದ್ದಲು ಹೊರುವ ದೋಣಿಗಳು ಅದಕ್ಕೆ ಹೊಂದಿಕೊಂಡವು, ದಡದಲ್ಲಿ ಕುದುರೆ ಎಳೆಯುತ್ತಿತ್ತು. ರೈಲು ಬಂದು ಸಂಪಾದನೆ ಇಳಿದಾಗ ದೋಣಿಯವರು ದಡದ ಮನೆ ಬಿಟ್ಟು ಹೆಂಡತಿ ಮಕ್ಕಳ ಸಮೇತ ಹಿಂಬದಿಯ ಹತ್ತಡಿ ಗೂಡಿಗೆ ಬಂದರು. ಇವತ್ತಿನ ದೋಣಿಮನೆ ಶುರುವಾದದ್ದು ಆ ಬಡತನದಿಂದ.

ಅಗಲ ಎಷ್ಟು ಕಿರಿದು ಅಂತ ತಿಳಿಯಬೇಕಾದರೆ ನಮ್ಮ ರೈಲಿನ ಸ್ಲೀಪರ್ ಬೋಗಿ ನೆನಪಿಸಿಕೊಳ್ಳಿ. ಅದು ಹತ್ತೂವರೆ ಅಡಿಗೂ ಸ್ವಲ್ಪ ಹೆಚ್ಚು. ನ್ಯಾರೋಬೋಟ್ ಅದರ ಮೂರರಲ್ಲಿ ಎರಡು ಪಾಲು ಅಷ್ಟೇ, ಒಳಗಿನ ಅಗಲ ಇನ್ನೂ ಕಡಿಮೆ. ಓಡಾಡಲು ಎರಡಡಿ ಬಿಟ್ಟರೆ ಉಳಿದದ್ದರಲ್ಲಿ ಅಡುಗೆಮನೆ, ಬಚ್ಚಲು, ಮಂಚ. ಇಬ್ಬರಿಗೆ ಸಾಕು. ಊರಿಂದ ಅಪ್ಪ ಅಮ್ಮ ಮೂರು ತಿಂಗಳಿಗೆ ಬರುತ್ತಾರೆ ಅಂದರೆ ಸಾಲದು. ನಮ್ಮ ಅತ್ತೆಯವರು ಒಂದು ವಾರ ಇದ್ದರು. ಒಬ್ಬರು ಬಚ್ಚಲಿಗೆ ಹೋಗಬೇಕಾದರೆ ಇನ್ನೊಬ್ಬರು ಎದ್ದು ನಿಲ್ಲಬೇಕಿತ್ತು. ಪಾಪ, ಒಂದು ಮಾತೂ ಅನ್ನಲಿಲ್ಲ.

ಈ ಕಿರಿದರ ಲಾಭ ಏನು ಅಂದರೆ ಹೆಚ್ಚುಕಡಿಮೆ ದೇಶದ ಎಲ್ಲ ಕಾಲುವೆಯೂ ನಿಮ್ಮದು. ಉದ್ದದ ಮೇಲೂ ಗಮನ ಇರಲಿ. ಮಧ್ಯ ಇಂಗ್ಲೆಂಡಿನ ಲಾಕ್‌ಗಳು 70 ಅಡಿಯ ದೋಣಿಯನ್ನೂ ಹಿಡಿಯುತ್ತವೆ, ಆದರೆ ಯಾರ್ಕ್‌ಷೈರಿನ ಕಾಲ್ಡರ್ ಅಂಡ್ ಹೆಬಲ್ ಜಲಮಾರ್ಗದಂಥ ಕಡೆ ಲಾಕ್ ಗಿಡ್ಡ. ಎಲ್ಲಿ ಬೇಕಾದರೂ ಹೋಗಬೇಕು ಅನ್ನುವವರು 57 ಅಡಿ ಹುಡುಕುವುದು ಅದಕ್ಕೇ.

ವೈಡ್‌ಬೀಮ್ 10ರಿಂದ 12 ಅಡಿ ಅಗಲ, ಕೆಲವು ಇನ್ನೂ ಹೆಚ್ಚು. ಒಳಗೆ ಹೋದರೆ ಮನೆ ಅನ್ನಿಸುತ್ತದೆ. ಸೋಫಾ ಹಿಡಿಯುತ್ತದೆ, ಮಗುವಿಗೆ ಒಂದು ಕೋಣೆ ಆಗುತ್ತದೆ. ಆದರೆ ಮಧ್ಯ ಇಂಗ್ಲೆಂಡಿನ 7 ಅಡಿಯ ಲಾಕ್‌ಗಳು ಇದಕ್ಕೆ ಮುಚ್ಚಿದ ಬಾಗಿಲು. ದಕ್ಷಿಣದ ಅಗಲ ಕಾಲುವೆಗಳಿಂದ ಉತ್ತರದ ಅಗಲ ಕಾಲುವೆಗಳಿಗೆ ನೀರಿನಲ್ಲೇ ಒಳನಾಡಿನ ದಾರಿ ಇಲ್ಲ. ಕ್ರೇನ್ ಹಾಕಿ ಲಾರಿ ಮೇಲೆ ಒಯ್ಯಬೇಕು. ಗ್ರ್ಯಾಂಡ್ ಯೂನಿಯನ್ ಕಾಲುವೆ ಅಗಲದ್ದೇ, ಆದರೂ ಬ್ಲಿಸ್‌ವರ್ತ್ ಸುರಂಗ ದಾಟಲು ವೈಡ್‌ಬೀಮ್‌ನವರು ಮೊದಲೇ ಬುಕ್ ಮಾಡಬೇಕು, ಎದುರು ದೋಣಿ ಬಂದರೆ ಒಳಗೆ ಜಾಗ ಇರುವುದಿಲ್ಲ.

ನೋಡಿ, ಜಾಗದ ಪ್ರಶ್ನೆ ಇಲ್ಲಿ ಮತ್ತೆ ಬಂತು. ಕೆಲಸ ರೆಡಿಂಗ್ ಊರಿನಲ್ಲಿ, ಅಲ್ಲಿಯ ಅಗಲ ಕಾಲುವೆ ಕೆನೆಟ್ ಅಂಡ್ ಏವನ್ ಮೇಲೆ ವಾಸದ ಮೂರಿಂಗ್ ಸಿಕ್ಕಿದೆ, ಮಕ್ಕಳಿದ್ದಾರೆ ಅಂದರೆ ವೈಡ್‌ಬೀಮ್ ಕಣ್ಣುಮುಚ್ಚಿ ತಗೊಳ್ಳಿ. ಮೂರಿಂಗ್ ಇಲ್ಲದೆ ವೈಡ್‌ಬೀಮ್‌ನಲ್ಲಿ ಅಲೆಮಾರಿ ಆಗುತ್ತೇನೆ ಅಂದರೆ ನಾನು ಬೇಡ ಅನ್ನುತ್ತೇನೆ. ಓಡಾಡುವ ನೀರು ಕಡಿಮೆ, ದಡದಲ್ಲಿ ಜಾಗ ಸಿಗುವುದು ಕಷ್ಟ, ಶುಲ್ಕ ಎರಡು ಕಡೆಯಿಂದ ಏರುತ್ತದೆ.

ಬೆಲೆಯ ಅಂದಾಜು ಬೇಕಾದರೆ, ವಾಸಕ್ಕೆ ತಕ್ಕ ಹಳೇ ನ್ಯಾರೋಬೋಟ್ 40ರಿಂದ 70 ಸಾವಿರ ಪೌಂಡಿನ ನಡುವೆ ಸಿಗುತ್ತದೆ. ವೈಡ್‌ಬೀಮ್ ಅದಕ್ಕಿಂತ ಬಹಳ ಮೇಲೆ. ಮನೆ ಸಾಲ ಇದಕ್ಕೆ ಸಿಗುವುದಿಲ್ಲ. ದೋಣಿ ಸಾಲಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ದೋಣಿಗೆ ವಯಸ್ಸಾದಂತೆ ಬೆಲೆ ಇಳಿಯುತ್ತದೆ. ಆಸ್ತಿ ಮಾಡಿದೆ ಅಂತ ಊರಿಗೆ ಫೋನ್ ಮಾಡಬೇಡಿ, ಕಾರು ಕೊಂಡ ಹಾಗೆ ಅಂದುಕೊಳ್ಳಿ.

ನೀರಲ್ಲಿರುವ ಎಮ್ಮೆ

ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದು ಅಂತ ನಮ್ಮಲ್ಲಿ ಹೇಳುವುದಿಲ್ಲವೇ, ದೋಣಿಗೆ ಆ ಮಾತು ಅಕ್ಷರಶಃ ಸರಿ. ನೀವು ನೋಡುವುದು ಬಣ್ಣ ಬಳಿದ ಮೇಲ್ಭಾಗ, ಹೂವಿನ ಕುಂಡ, ಒಲೆ. ನಿಮ್ಮನ್ನು ತೇಲಿಸುವುದು ನೀರೊಳಗಿನ ಉಕ್ಕು. ಸಾಮಾನ್ಯವಾಗಿ ತಳಕ್ಕೆ 10 ಮಿಲಿಮೀಟರ್, ಪಕ್ಕಕ್ಕೆ 6, ಮೇಲಿನ ಗೂಡಿಗೆ 4 ಮಿಲಿಮೀಟರ್ ತಗಡು ಹಾಕುತ್ತಾರೆ. ತುಕ್ಕು ತಿಂದು ತಿಂದು ನೀರೊಳಗಿನ ತಗಡು 4 ಮಿಲಿಮೀಟರಿಗಿಂತ ಕಡಿಮೆ ಆದರೆ ವಿಮೆಯವರು ತಕರಾರು ಮಾಡುತ್ತಾರೆ, ಮೇಲೊಂದು ತಗಡು ಬೆಸೆಯಬೇಕಾಗುತ್ತದೆ. ಅದಕ್ಕೆ ಸಾವಿರಾರು ಪೌಂಡ್.

ಇಲ್ಲಿ ಹೊಸಬರು ಮಾಡುವ ಒಂದು ದೊಡ್ಡ ತಪ್ಪು ಹೇಳಲೇಬೇಕು. ಬೋಟ್ ಸೇಫ್ಟಿ ಸರ್ಟಿಫಿಕೇಟ್ ತೋರಿಸಿದ ತಕ್ಷಣ ದೋಣಿ ಗಟ್ಟಿ ಇದೆ ಅಂದುಕೊಳ್ಳುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಕೊಡುವ ಆ ಕಾಗದ ಗ್ಯಾಸು, ವಯರಿಂಗ್, ಇಂಧನ, ಬೆಂಕಿಯ ಸುರಕ್ಷತೆಗೆ ಸಂಬಂಧಪಟ್ಟದ್ದು. ತಳ ಎಷ್ಟು ದಪ್ಪ ಇದೆ ಅನ್ನುವ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ನಾವು ನೋಡಿದ ಮೊದಲ ದೋಣಿಯ ಮಾರಾಟಗಾರ ಆ ಕಾಗದವನ್ನೇ ಮುಂದಿಟ್ಟು "ಎಲ್ಲ ಚೆಕ್ ಆಗಿದೆ" ಅಂದಿದ್ದರು. ನಮ್ಮದೇ ದುಡ್ಡಲ್ಲಿ ಸರ್ವೇಯರ್ ಕರೆದು ದೋಣಿಯನ್ನು ನೀರಿನಿಂದ ಎತ್ತಿಸಿದೆವು. ಹಿಂಭಾಗದಲ್ಲಿ ಒಂದು ಕಡೆ 3 ಮಿಲಿಮೀಟರ್ ಕೂಡ ಇರಲಿಲ್ಲ. ಸರ್ವೇ ಖರ್ಚು ಹೋಯಿತು, ನಾವು ಉಳಿದುಕೊಂಡೆವು. ನೀರಿಂದ ಎತ್ತಿ ನೋಡಲು ಬಿಡುವುದಿಲ್ಲ ಅನ್ನುವವರ ದೋಣಿ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ.

ಕೊಂಡ ಮೇಲೂ ಎರಡು ಮೂರು ವರ್ಷಕ್ಕೊಮ್ಮೆ ಮೇಲೆತ್ತಿಸಿ, ಪಾಚಿ ಕೆರೆದು, ಕಪ್ಪು ಡಾಂಬರಿನಂಥ ಬಣ್ಣ ಬಳಿಸಬೇಕು. ಇದಕ್ಕೆ ಬ್ಲ್ಯಾಕಿಂಗ್ ಅನ್ನುತ್ತಾರೆ. ಆ ದಿನಗಳಲ್ಲಿ ಎಲ್ಲಿರುತ್ತೀರಿ ಅಂತಲೂ ಯೋಚಿಸಿಡಿ.

ಅಡುಗೆ, ನೀರು, ಚಳಿ

ನಮ್ಮ ಅಡುಗೆಗೆ ದೋಣಿ ಒಗ್ಗುತ್ತದೆಯೇ? ಒಗ್ಗುತ್ತದೆ, ಆದರೆ ಹಬೆಯೇ ಶತ್ರು. ಉಕ್ಕಿನ ಪೆಟ್ಟಿಗೆಯಲ್ಲಿ ಇಡ್ಲಿ ಬೇಯಿಸಿ, ಅನ್ನ ಮಾಡಿ, ಬಟ್ಟೆ ಒಣಹಾಕಿದರೆ ಕಿಟಕಿಯಿಂದ ನೀರಿಳಿಯುತ್ತದೆ. ಹಾಸಿಗೆ ಕೆಳಗೆ ಬೂಷ್ಟು ಬರುತ್ತದೆ. ನಾನು ತೀರ್ಥಹಳ್ಳಿ ಕಡೆಯವಳು. ಆಷಾಢದ ಮಳೆಯಲ್ಲಿ ಬಚ್ಚಲೊಲೆಯ ಮುಂದೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ಮನೆಯಿಂದ ಬಂದವಳಿಗೆ ಇದು ಹೊಸದಲ್ಲ. ಕುಕ್ಕರ್ ಇಟ್ಟಾಗ ಕಿಟಕಿ ತೆರೆಯುವುದು, ಹಾಸಿಗೆಯ ಕೆಳಗೆ ಗಾಳಿಯಾಡಲು ಪಟ್ಟಿ ಹಾಕುವುದು, ಉಪ್ಪು ಹುಣಸೆ ಬಿಗಿ ಡಬ್ಬಿಯಲ್ಲಿಡುವುದು, ಒಲೆ ಆರದಂತೆ ನೋಡುವುದು. ಇಷ್ಟು ಮಾಡಿದರೆ ಆಯಿತು. ಗೂಡಿನ ಗಾಳಿಕಿಂಡಿಗಳನ್ನು ಮಾತ್ರ ಚಳಿಗೆ ಹೆದರಿ ಮುಚ್ಚಬೇಡಿ. ಕಲ್ಲಿದ್ದಲು ಒಲೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. 2019ರಿಂದ ಅದರ ಅಲಾರ್ಮ್ ಕಡ್ಡಾಯ ಮಾಡಿದ್ದಾರೆ. ನಾವು ಎರಡು ಇಟ್ಟಿದ್ದೇವೆ.

ಮಿಕ್ಸಿಗೆ ಒಳ್ಳೆ ಇನ್ವರ್ಟರ್ ಇದ್ದರೆ ಸಾಕು. ಸೋಲಾರ್ ಬೇಸಿಗೆಯಲ್ಲಿ ಧಾರಾಳ, ಡಿಸೆಂಬರಿನಲ್ಲಿ ಹೆಸರಿಗೆ ಮಾತ್ರ. ಆಗ ಅಲೆಮಾರಿಗಳು ಬ್ಯಾಟರಿ ತುಂಬಿಸಲು ಎಂಜಿನ್ ಓಡಿಸಬೇಕು. ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಕಟ್ಟಿ ನಿಲ್ಲಿಸಿದ ದೋಣಿಯಲ್ಲಿ ಎಂಜಿನ್ ಓಡಿಸುವಂತಿಲ್ಲ. ಮೂರಿಂಗ್‌ನಲ್ಲಿ ದಡದ ಕರೆಂಟು ಇದ್ದರೆ ಈ ಲೆಕ್ಕವೇ ಬೇಡ. ಗ್ಯಾಸ್ ಸಿಲಿಂಡರ್ ಕೊಳ್ಳುವಾಗ ಪ್ರೊಪೇನ್ ಕೇಳಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಆವಿಯಾಗುವುದೇ ಇಲ್ಲ, ಬೆಳಗಿನ ಕಾಫಿ ತಪ್ಪುತ್ತದೆ.

ಶೌಚದ ವಿಷಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ದಿನನಿತ್ಯದ ಬದುಕನ್ನು ಇದರಷ್ಟು ಬದಲಿಸುವುದು ಬೇರೆ ಇಲ್ಲ. ಕ್ಯಾಸೆಟ್ ಅಂದರೆ ಸುಮಾರು 20 ಲೀಟರಿನ ಡಬ್ಬಿ. ಇಬ್ಬರಿಗೆ ಮೂರು ದಿನಕ್ಕೆ ತುಂಬುತ್ತದೆ, ನೀವೇ ಹೊತ್ತು ಅದಕ್ಕೆಂದೇ ಇರುವ ಜಾಗದಲ್ಲಿ ಸುರಿಯಬೇಕು. ಪಂಪ್‌ಔಟ್‌ನಲ್ಲಿ ದೊಡ್ಡ ಟ್ಯಾಂಕ್, ವಾರಗಟ್ಟಲೆ ನಿಶ್ಚಿಂತೆ, ದುಡ್ಡು ಕೊಟ್ಟು ಖಾಲಿ ಮಾಡಿಸಬೇಕು. ಆದರೆ ಕಾಲುವೆ ಹೆಪ್ಪುಗಟ್ಟಿ ದೋಣಿ ಕದಲದೆ ಹೋದರೆ ಟ್ಯಾಂಕ್ ಖಾಲಿ ಮಾಡಿಸುವುದು ಹೇಗೆ? ಅಲೆಮಾರಿಗೆ ಕ್ಯಾಸೆಟ್, ಮರೀನಾದಲ್ಲಿ, ಅಂದರೆ ದೋಣಿ ನಿಲ್ದಾಣದಲ್ಲಿ ಇರುವವರಿಗೆ ಪಂಪ್‌ಔಟ್ ಅಂತ ನನ್ನ ಅಭಿಪ್ರಾಯ. ಗೊಬ್ಬರ ಮಾಡುವ ಶೌಚವೂ ಇದೆ. ಅದನ್ನು ಚೀಲ ಕಟ್ಟಿ ಕಾಲುವೆಯ ಕಸದ ತೊಟ್ಟಿಗೆ ಹಾಕುವಂತಿಲ್ಲ. ಪೂರ್ತಿ ಕೊಳೆಸಲು ನಿಮ್ಮದೇ ಜಾಗ ಬೇಕು.

ಹೆಪ್ಪುಗಟ್ಟುವುದು ಅಂದೆನಲ್ಲ, ಅದು ಉತ್ಪ್ರೇಕ್ಷೆಯಲ್ಲ. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಮೊದಲೇ ಕುಂಟುತ್ತಿದ್ದ ಸರಕು ಸಾಗಾಣಿಕೆ ಹೆಚ್ಚುಕಡಿಮೆ ನಿಂತೇಹೋಯಿತು. ಈಗ ಅಷ್ಟು ಇಲ್ಲದಿದ್ದರೂ ವರ್ಷಕ್ಕೆ ಕೆಲವು ದಿನ ಇದ್ದಲ್ಲೇ ಇರಬೇಕಾಗುತ್ತದೆ. ಕುಡಿಯುವ ನೀರಿನ ಟ್ಯಾಂಕ್, ಕಲ್ಲಿದ್ದಲು, ಅಕ್ಕಿ ಬೇಳೆ ಮೊದಲೇ ತುಂಬಿಸಿಡಿ. ಕಲ್ಲಿದ್ದಲಿನ ಒಂದು ಮೂಟೆ ಕಡು ಚಳಿಯಲ್ಲಿ ಮೂರು ನಾಲ್ಕು ದಿನ ಬರುತ್ತದೆ.

ಇಷ್ಟೆಲ್ಲ ಓದಿಯೂ ಮನಸ್ಸು ಎಳೆಯುತ್ತಿದ್ದರೆ ಜನವರಿಯಲ್ಲಿ ಒಂದು ವಾರ ದೋಣಿ ಬಾಡಿಗೆಗೆ ಹಿಡಿಯಿರಿ. ಜುಲೈ ಬೇಡ, ಜುಲೈಯಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ. ರಜೆ ಹಾಕದೆ ಅಲ್ಲಿಂದಲೇ ಕೆಲಸಕ್ಕೆ ಹೋಗಿ ಬನ್ನಿ. ಕತ್ತಲಲ್ಲಿ ಟಾರ್ಚ್ ಹಿಡಿದು ಕೆಸರು ದಡದ ಮೇಲೆ ನಡೆದು ಬನ್ನಿ. ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆಯಿರಿ, ಕ್ಯಾಸೆಟ್ ಹೊತ್ತುಕೊಂಡು ಹೋಗಿ. ಅದೇ ವಾರದಲ್ಲಿ ಎರಡು ಮರೀನಾಗಳಿಗೆ ಹೋಗಿ ವಾಸದ ಜಾಗದ ಪಟ್ಟಿಯಲ್ಲಿ ಹೆಸರು ಬರೆಸಿ, ಸರದಿ ಎಷ್ಟು ಉದ್ದ ಇದೆ ಅಂತ ಕೇಳಿಕೊಂಡು ಬನ್ನಿ. ಆಮೇಲೆ ನನಗೆ ಫೋನ್ ಮಾಡಿ, ಯಾವ ದೋಣಿ ಅಂತ ಮಾತಾಡೋಣ.